ಬೀದಿ ಹಾಲು ವ್ಯಾಪಾರಿಗೆ ತಂತ್ರಜ್ಞಾನದ ನೆರವು: ಕೀನ್ಯಾ ದೇಶದ ಅನುಭವ

(ಒಕ್ಕೂಟದ ತರಬೇತಿ ಕೇಂದ್ರದಲ್ಲಿ ನಡೆದ ಉತ್ಪಾದಕ ಸದಸ್ಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ.)



ಒಕ್ಕೂಟದ ಶಿಬಿರದಲ್ಲಿ ಬೀದಿ ವ್ಯಾಪಾರಿಗಳ ಬಗ್ಗೆ ಮಾತನಾಡುತ್ತೇನೆಂದು ಹೇಳಿದಾಗ ನಿಮ್ಮಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಅದು ಸಹಜವೇ. ಸಂಘ ಬರುವ ಮುಂಚೆ ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಹಾಲಿನವನನ್ನು ಹಿರಿಯರು ಮರೆತಿರಲಾರರು. ಅಳತೆ ಅವನದು, ದರ ಅವನದು, ಲೆಕ್ಕ ಅವನ ತಲೆಯೊಳಗೆ. ಮದುವೆ ಕಾಲದಲ್ಲಿ ನಸುಕಿಗೇ ಬಂದು ಬಾಗಿಲು ಬಡಿಯುತ್ತಿದ್ದವನು, ಮಳೆಗಾಲದಲ್ಲಿ ಹಾಲು ಹೆಚ್ಚಾದಾಗ ವಾರಗಟ್ಟಲೆ ನಾಪತ್ತೆ. ಅವನ ಕೈಯಿಂದ ತಪ್ಪಿಸಿಕೊಳ್ಳಲೆಂದೇ ನಾವು ಸಂಘ ಕಟ್ಟಿಕೊಂಡೆವು. ಈಗ ಅದೇ ಹಾಲಿನವನಿಗೆ ನೆರವಾಗುವ ಯಂತ್ರಗಳ ಮಾತೇಕೆ ಎಂದು ನೀವು ಕೇಳಬಹುದು.

ಕಾರಣವಿದೆ. ಅನೇಕ ಬಡ ದೇಶಗಳಲ್ಲಿ ರೈತನ ಹಾಲು ಪಟ್ಟಣ ಸೇರುವುದು ಇಂದಿಗೂ ಇಂಥ ವ್ಯಾಪಾರಿಯ ಕೈಯಿಂದಲೇ. ಆತ ಕೆಟ್ಟರೆ ರೈತನೂ ಕೆಡುತ್ತಾನೆ. ಪೂರ್ವ ಆಫ್ರಿಕಾದ ಕೀನ್ಯಾ ದೇಶದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿಯ ಕಥೆಯಲ್ಲಿ ಒಂದು ಸಹಕಾರಿ ಡೇರಿ ಮುಳುಗಿದ ಸಂಗತಿಯೂ ಇರುವುದರಿಂದ ನಾವು ಅದನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.

ರಾಜಧಾನಿ ನೈರೋಬಿಯ ಪಕ್ಕದ ಕಿಯಾಂಬು ಕಡೆಯ ಎತ್ತರದ ನಾಡಿಗೆ ನಿಮ್ಮನ್ನು ಕರೆದೊಯ್ದರೆ ಬಹಳ ವ್ಯತ್ಯಾಸವೇನೂ ಕಾಣದು. ಒಂದೆರಡು ಎಕರೆ ಜಮೀನು, ಬದುವಿನ ಮೇಲೆ ನೇಪಿಯರ್ ಹುಲ್ಲು, ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಎರಡು ಮೂರು ಹೆಚ್.ಎಫ್. ಅಥವಾ ಅಯರ್‌ಶೈರ್ ತಳಿಯ ಹಸುಗಳು. ದೇಶದ ಹಾಲಿನ ಬಹುಪಾಲು ಬರುವುದು ಇಂಥ ಸಣ್ಣ ರೈತರಿಂದಲೇ. ಜನ ಹಾಲು, ನೀರು, ಚಹಾಪುಡಿ ಒಟ್ಟಿಗೆ ಹಾಕಿ ಕುದಿಸಿ ಕುಡಿಯುತ್ತಾರೆ. ಅವರ ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಹೆಸರು ಚಾಯ್, ಅಂಗಡಿಗೆ ಹೆಸರು ದುಕಾ. ನಮ್ಮ ದುಕಾನಿನ ದಾಯಾದಿಯೇ ಆ ಪದ.

ಅಲ್ಲಿ 1925ರಷ್ಟು ಹಿಂದೆಯೇ ಕೀನ್ಯಾ ಕೋಆಪರೇಟಿವ್ ಕ್ರೀಮರೀಸ್ ಎಂಬ ಸಹಕಾರಿ ಸಂಸ್ಥೆ ಸ್ಥಾಪನೆಯಾಗಿತ್ತು. ಪಟ್ಟಣಗಳಲ್ಲಿ ಹಾಲು ಮಾರುವ ಹಕ್ಕು ದೀರ್ಘಕಾಲ ಅದೊಂದಕ್ಕೇ ಇತ್ತು. 1992ರಲ್ಲಿ ಸರ್ಕಾರ ಮಾರುಕಟ್ಟೆಯನ್ನು ಮುಕ್ತಗೊಳಿಸಿತು. ಅದೇ ದಶಕದಲ್ಲಿ ಆ ಸಂಸ್ಥೆ ಆಡಳಿತ ಹದಗೆಟ್ಟು ರೈತರಿಗೆ ಬಟವಾಡೆ ಬಾಕಿ ಉಳಿಸಿಕೊಂಡಿತು. ಕೊನೆಗೆ ಬಿದ್ದೇ ಹೋಯಿತು. 2003ರಲ್ಲಿ ಸರ್ಕಾರ ಅದನ್ನು ಹೊಸ ಹೆಸರಿನಲ್ಲಿ ಮತ್ತೆ ಎತ್ತಿ ನಿಲ್ಲಿಸಬೇಕಾಯಿತು. ನಡುವಿನ ವರ್ಷಗಳಲ್ಲಿ ಹಾಲು ಕರೆದ ರೈತ ಏನು ಮಾಡಬೇಕು? ಬಾಗಿಲಿಗೆ ಬಂದು ಕೈಗೆ ಕಾಸು ಕೊಡುವ ಸೈಕಲ್ ವ್ಯಾಪಾರಿಗೇ ಹಾಕಿದ. ಶತಮಾನದ ಕೊನೆಯ ಹೊತ್ತಿಗೆ ಆ ದೇಶದಲ್ಲಿ ಮಾರಾಟವಾಗುತ್ತಿದ್ದ ಹಾಲಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಹಸಿ ಹಾಲಾಗಿ ಇಂಥ ವ್ಯಾಪಾರಿಗಳ, ಸಣ್ಣ ಅಂಗಡಿಗಳ ಮೂಲಕವೇ ಹೋಗುತ್ತಿತ್ತು. ಬಟವಾಡೆ ತಡವಾದರೆ ಸದಸ್ಯ ಎಲ್ಲಿಗೆ ಹೋಗುತ್ತಾನೆಂದು ನಮ್ಮ ಆಡಳಿತ ಮಂಡಳಿಯವರಿಗೆ ನಾನು ಬೇರೆ ಹೇಳಬೇಕಾಗಿಲ್ಲ.

ಆದರೆ ಈ ವ್ಯಾಪಾರಿ ಕಾನೂನಿನ ಕಣ್ಣಿಗೆ ಕಳ್ಳನಾಗಿದ್ದ. ಪಟ್ಟಣದೊಳಗೆ ಹಸಿ ಹಾಲು ಮಾರಲು ಅನುಮತಿ ಇರಲಿಲ್ಲ. ಸಿಕ್ಕಿಬಿದ್ದರೆ ಹಾಲು ಚರಂಡಿಗೆ, ಇಲ್ಲವೇ ಲಂಚ. ಇದರ ಪರಿಣಾಮ ಹಾಲಿನ ಮೇಲೆಯೇ ಆಯಿತೆಂಬುದನ್ನು ಗಮನಿಸಿ. ಓಡಿ ತಪ್ಪಿಸಿಕೊಳ್ಳಬೇಕಾದವನು ಒಳ್ಳೆಯ ಕ್ಯಾನು ಕೊಳ್ಳುವುದಿಲ್ಲ. ಅಡುಗೆ ಎಣ್ಣೆ ಬಂದ ಹಳೆಯ ಪ್ಲಾಸ್ಟಿಕ್ ಡಬ್ಬವನ್ನು ತೊಳೆದು ಹಾಲು ತುಂಬುತ್ತಾನೆ. ಡಬ್ಬದ ಬಾಯಿ ಕಿರಿದು, ಒಳಗೆ ಕೈ ಹೋಗದು, ಮೂಲೆಯಲ್ಲಿ ಹಾಲಿನ ಪೊರೆ ಉಳಿಯುತ್ತದೆ. ಮರುದಿನದ ಹಾಲಿಗೆ ಅದೇ ಹೆಪ್ಪು. ಹಾಲು ಒಡೆಯದಿರಲೆಂದು ಕೆಲವರು ಹೈಡ್ರೋಜನ್ ಪೆರಾಕ್ಸೈಡ್ ಹಾಕುವ ಕೆಟ್ಟ ಚಾಳಿಯನ್ನೂ ಕಲಿತರು. ನೀರು ಬೆರೆಸುವವರಂತೂ ಇದ್ದೇ ಇದ್ದರು. ಅವರೆಲ್ಲ ಸಾಚಾ ಜನರೆಂದು ನಾನು ವಾದಿಸುವುದಿಲ್ಲ.

2003ರ ಸುಮಾರಿಗೆ ಪ್ಯಾಕೆಟ್ ಹಾಲಿನ ದೊಡ್ಡ ಕಂಪನಿಗಳು ಹಸಿ ಹಾಲು ಅಪಾಯವೆಂದು ಪ್ರಚಾರ ಆರಂಭಿಸಿದವು. ನೈರೋಬಿಯಲ್ಲೇ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಇದೆ. ಅದೂ ಅಲ್ಲಿಯ ಸರ್ಕಾರದ ಇಲಾಖೆಗಳೂ ಸೇರಿ 1997ರಿಂದ ಸಣ್ಣ ಹಿಡುವಳಿದಾರರ ಹೈನು ಯೋಜನೆಯೊಂದನ್ನು ನಡೆಸುತ್ತಿದ್ದವು. ಅವರು ಹಾಲನ್ನು ಪರೀಕ್ಷಿಸಿದರು, ಮನೆಗಳಿಗೆ ಹೋಗಿ ವಿಚಾರಿಸಿದರು. ಹಸಿ ಹಾಲಿನಲ್ಲಿ ರೋಗಾಣುಗಳು ಇದ್ದದ್ದು ನಿಜ. ಆದರೆ ಕೊಂಡವರಲ್ಲಿ ಬಹುತೇಕ ಎಲ್ಲರೂ ಹಾಲನ್ನು ಕುದಿಸಿಯೇ ಕುಡಿಯುತ್ತಿದ್ದರು. ಪ್ಯಾಕೆಟ್ ಹಾಲಿನಲ್ಲೂ ಗುಣಮಟ್ಟ ತಪ್ಪಿದ ಮಾದರಿಗಳು ಸಿಕ್ಕಿದವು. ಇನ್ನು ಹಸುವಿಗೆ ಕೊಟ್ಟ ಆಂಟಿಬಯೋಟಿಕ್ ಔಷಧದ ಅಂಶ ಹಾಲಿನಲ್ಲಿದ್ದರೆ ಕುದಿಸಿದರೂ ಹೋಗದು. ಅದು ವ್ಯಾಪಾರಿಯ ತಪ್ಪಲ್ಲ, ನಮ್ಮಂಥ ಕರೆಯುವವರ ತಪ್ಪು.

ಹೀಗಾಗಿ 2004ರಲ್ಲಿ ಕೀನ್ಯಾ ಡೇರಿ ಮಂಡಳಿ ಧೋರಣೆ ಬದಲಿಸಿತು. ಹಿಡಿದು ಚೆಲ್ಲುವ ಬದಲು, ತರಬೇತಿ ಪಡೆದವನಿಗೆ ಪ್ರಮಾಣಪತ್ರ, ಪ್ರಮಾಣಪತ್ರ ಇದ್ದವನಿಗೆ ಪರವಾನಗಿ. ತರಬೇತಿಗೆ ವ್ಯಾಪಾರಿಯೇ ಶುಲ್ಕ ಕೊಡಬೇಕು. ದುಡ್ಡು ಕೊಟ್ಟು ಕಲಿತದ್ದನ್ನು ಮನುಷ್ಯ ಸುಲಭವಾಗಿ ಮರೆಯುವುದಿಲ್ಲ, ಈ ಮಾತು ನಮ್ಮ ಉಚಿತ ಶಿಬಿರಗಳಿಗೂ ಸ್ವಲ್ಪ ತಾಗುತ್ತದೆ!

ಅಲ್ಲಿ ಕಲಿಸಿದ ತಂತ್ರಜ್ಞಾನ ಯಾವುದು ಗೊತ್ತೇ? ನಿಮ್ಮ ಸಂಘದ ಮೇಜಿನ ಮೇಲೆ ದಿನಾ ಕಾಣುವ ಲ್ಯಾಕ್ಟೋಮೀಟರು ಮತ್ತು ಮದ್ಯಸಾರ ಪರೀಕ್ಷೆ. ಸಮ ಪ್ರಮಾಣದಲ್ಲಿ ಹಾಲು ಮತ್ತು ಮದ್ಯಸಾರ ಬೆರೆಸಿದಾಗ ಗರಣೆ ಕಟ್ಟಿದರೆ ಆ ಹಾಲು ಹುಳಿಯ ಹಾದಿ ಹಿಡಿದಿದೆ, ಕುದಿಸಿದರೆ ಒಡೆಯುವ ಸಂಭವವಿದೆ ಎಂದು ತಿಳಿಯಬೇಕು. ನಮಗೆ ಇದು ಹಳೆಯ ಪಾಠ. ಆದರೆ ಸೈಕಲ್ಲಿನ ವ್ಯಾಪಾರಿಗೆ ಇದರಿಂದ ಆದ ಉಪಯೋಗವನ್ನು ಲೆಕ್ಕ ಹಾಕಿ. ಹತ್ತು ಮನೆಯ ಹಾಲನ್ನು ಒಂದೇ ಡಬ್ಬಕ್ಕೆ ಸುರಿಯುವವನು ಆತ. ಒಂದು ಮನೆಯ ನಿನ್ನೆ ಸಂಜೆಯ ಹುಳಿ ಹಾಲು ಸೇರಿದರೆ ಒಂಬತ್ತು ಮನೆಯ ಒಳ್ಳೆಯ ಹಾಲೂ ಹಾಳು, ಆ ದಿನದ ಬಂಡವಾಳವೆಲ್ಲ ಹೋಯಿತು. ಮೊದಲು ಯಾರ ಹಾಲು ಕೆಡಿಸಿತೆಂದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಮರುದಿನ ಹತ್ತೂ ಮನೆಯವರ ಮೇಲೆ ರೇಗುತ್ತಿದ್ದ, ಹತ್ತೂ ಮನೆಯ ದರ ಇಳಿಸುತ್ತಿದ್ದ. ಬಾಗಿಲಲ್ಲೇ ಪರೀಕ್ಷೆ ಮಾಡಲು ಬಂದ ಮೇಲೆ ಆ ಒಬ್ಬರ ಹಾಲನ್ನು ಬಿಟ್ಟು ಉಳಿದದ್ದನ್ನು ಒಯ್ಯಬಹುದು. ಲ್ಯಾಕ್ಟೋಮೀಟರಿಗೂ ಮೋಸ ಮಾಡಬಹುದೆಂದು, ಕೆನೆ ತೆಗೆದು ನೀರು ಹಾಕಿದರೆ ಅದು ಸುಳ್ಳು ಹೇಳುತ್ತದೆಂದು, ನಿಮ್ಮಲ್ಲಿ ಒಬ್ಬರು ಆಗಲೇ ನಗುತ್ತಿದ್ದೀರಿ. ನಿಜ. ಜಿಡ್ಡಿನಾಂಶವನ್ನೂ ಅಳೆದರೆ ಮಾತ್ರ ಆ ಮೋಸ ಹೊರಬೀಳುತ್ತದೆ. ಆದರೂ ಏನೂ ಇಲ್ಲದಿದ್ದಾಗ ಈ ಗಾಜಿನ ಕಡ್ಡಿ ದೊಡ್ಡ ನ್ಯಾಯಾಧೀಶನೇ.

ಪಾತ್ರೆಯ ವಿಷಯದಲ್ಲಿ ಮಾತ್ರ ಅಷ್ಟು ಸುಲಭವಾಗಲಿಲ್ಲ. ಪರವಾನಗಿಗೆ ಅಲ್ಯೂಮಿನಿಯಂ ಅಥವಾ ಉಕ್ಕಿನ ಕ್ಯಾನು ಬೇಕೆಂದು ಮಂಡಳಿ ಹೇಳಿತು. ಶುಚಿತ್ವದ ದೃಷ್ಟಿಯಿಂದ ಸರಿಯೇ. ಆದರೆ ಲೋಹದ ಕ್ಯಾನಿಗೆ ಪ್ಲಾಸ್ಟಿಕ್ ಡಬ್ಬದ ಹಲವು ಪಟ್ಟು ಬೆಲೆ. ಭಾರ ಹೆಚ್ಚು, ಕಳುವಾಗುವ ಭಯ ಬೇರೆ. ಆದ್ದರಿಂದ ಬಹಳ ಮಂದಿ ಹಳೆಯ ಡಬ್ಬವನ್ನೇ ಮುಂದುವರಿಸಿದರು. ಇದನ್ನು ನೋಡಿ ಮುಂದೆ ಮಾಜ್ಜಿ ಎಂಬ ಹೊಸ ಬಗೆಯ ಪಾತ್ರೆಯನ್ನು ತಯಾರಿಸಿದರು. ಸ್ವಾಹಿಲಿಯಲ್ಲಿ ಹಾಲಿಗೆ ಮಾಜಿವಾ ಎನ್ನುತ್ತಾರೆ. ಇದು ಆಹಾರಕ್ಕೆ ಯೋಗ್ಯವಾದ ಗಟ್ಟಿ ಪ್ಲಾಸ್ಟಿಕ್ಕಿನದು, ಹತ್ತು ಲೀಟರು ಹಿಡಿಯುತ್ತದೆ. ಬಾಯಿ ಅಗಲ, ಕೈ ಹಾಕಿ ತಳದವರೆಗೆ ಉಜ್ಜಬಹುದು. ಜೊತೆಗೆ ಒಂದು ಕಪ್ಪು ಆಲಿಕೆ. ಕಪ್ಪು ಏಕೆಂದರೆ, ಮೊದಲ ಧಾರೆಯಲ್ಲಿ ಕೆಚ್ಚಲು ಬಾವಿನ ಬಿಳಿ ಗರಣೆ ಇದ್ದರೆ ಕಪ್ಪಿನ ಮೇಲೆ ಥಟ್ಟನೆ ಕಾಣುತ್ತದೆ. ಕಪ್ಪು ಬಟ್ಟಲಿನಲ್ಲಿ ಮೊದಲ ಹಾಲು ಹಿಡಿದು ನೋಡಿ ಎಂದು ನಮ್ಮ ಪಶುವೈದ್ಯರು ಹೇಳುವುದೂ ಇದನ್ನೇ. ಹೇಳಿಕೊಟ್ಟರೂ ಮಾಡದವರಿಗೆ ಪಾತ್ರೆಯೇ ಮಾಡಿಸುವ ಉಪಾಯವಿದು. ನನಗೆ ಈ ಆಲಿಕೆ ಎಷ್ಟೋ ಕಂಪ್ಯೂಟರುಗಳಿಗಿಂತ ಹೆಚ್ಚು ಬುದ್ಧಿಯ ವಸ್ತುವಾಗಿ ಕಾಣುತ್ತದೆ.

ಈಗ ಹಣದ ಮಾತು. ವ್ಯಾಪಾರಿ ಬೆಳಿಗ್ಗೆ ಹಳ್ಳಿಯಲ್ಲಿ ಹಾಲು ಕೊಳ್ಳುತ್ತಾನೆ, ಪಟ್ಟಣದಲ್ಲಿ ಮನೆಮನೆಗೆ, ಚಹಾದಂಗಡಿಗೆ ಹಾಕುತ್ತಾನೆ. ಅರ್ಧ ಜನ ವಾರದ ಸಾಲ ಹೇಳುತ್ತಾರೆ. ಸಂಜೆ ಕತ್ತಲಲ್ಲಿ ಜೇಬಿನಲ್ಲಿ ರೊಕ್ಕ ಇಟ್ಟುಕೊಂಡು ಸೈಕಲ್ ತುಳಿಯುವವನನ್ನು ದಾರಿಗಳ್ಳರು ಗುರುತಿಟ್ಟಿರುತ್ತಾರೆ. ಬ್ಯಾಂಕು ಅವನಿಗೆ ದೂರದ ಮಾತು. 2007ರ ಮಾರ್ಚಿಯಲ್ಲಿ ಸಫಾರಿಕಾಮ್ ಎಂಬ ಅಲ್ಲಿಯ ದೂರವಾಣಿ ಕಂಪನಿ ಎಂ-ಪೆಸಾ ಎಂಬ ಸೇವೆ ತಂದಿತು. ಪೆಸಾ ಎಂದರೆ ದುಡ್ಡು, ನಮ್ಮ ಪೈಸೆಯ ನೆಂಟ. ಬೀದಿಯ ಏಜೆಂಟನ ಅಂಗಡಿಯಲ್ಲಿ ನಗದು ಕೊಟ್ಟರೆ ನಿಮ್ಮ ಮೊಬೈಲ್ ಸಂಖ್ಯೆಯ ಹೆಸರಿಗೆ ಜಮಾ ಆಗುತ್ತದೆ. ಗುಪ್ತ ಸಂಖ್ಯೆ ಒತ್ತಿ ಇನ್ನೊಬ್ಬರ ಸಂಖ್ಯೆಗೆ ಕಳುಹಿಸಬಹುದು, ಅವರು ತಮ್ಮೂರ ಏಜೆಂಟನಲ್ಲಿ ನಗದು ಪಡೆಯಬಹುದು. ಗುಂಡಿ ಒತ್ತುವ ಅಗ್ಗದ ಫೋನೇ ಸಾಕು, ಇಂಟರ್‌ನೆಟ್ ಬೇಡ. ಬ್ಯಾಂಕ್ ಖಾತೆಯೂ ಬೇಡ.

ಇದನ್ನು 2005ರಲ್ಲಿ ಥಿಕಾ, ನೈರೋಬಿಗಳಲ್ಲಿ ಪ್ರಯೋಗಕ್ಕೆ ಬಿಟ್ಟಾಗ ಕಂಪನಿಯ ಉದ್ದೇಶವೇ ಬೇರೆ ಇತ್ತು. ಕಿರುಸಾಲ ಪಡೆದವರು ಕಂತು ಕಟ್ಟಲು ಅನುಕೂಲವಾಗಲಿ ಎಂದು ಮಾಡಿದ್ದು. ಜನ ಅದನ್ನು ಒಬ್ಬರಿಗೊಬ್ಬರು ದುಡ್ಡು ಕಳುಹಿಸಲು, ದಾರಿಯಲ್ಲಿ ರೊಕ್ಕ ಇಟ್ಟುಕೊಳ್ಳದೆ ಪ್ರಯಾಣಿಸಲು ಬಳಸಿಬಿಟ್ಟರು. ಕಂಪನಿ ಅವರ ದಾರಿಗೇ ಬಂತು. ತಯಾರಿಸಿದವನು ಬಳಸುವವನ ಮಾತು ಕೇಳಿದ ಅಪರೂಪದ ಉದಾಹರಣೆ ಎಂದು ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. 2016ರಲ್ಲಿ ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಸೇವೆಯಿಂದ ಸುಮಾರು 1,94,000 ಕುಟುಂಬಗಳು, ಅಂದರೆ ದೇಶದ ಶೇಕಡಾ 2ರಷ್ಟು, ಕಡುಬಡತನದಿಂದ ಮೇಲೆ ಬಂದವು. ಸುಮಾರು 1,85,000 ಹೆಂಗಸರು ಹೊಟ್ಟೆಪಾಡಿನ ಬೇಸಾಯ ಬಿಟ್ಟು ವ್ಯಾಪಾರವನ್ನು ಮುಖ್ಯ ಕಸುಬು ಮಾಡಿಕೊಂಡರು.

ಇಷ್ಟಾದರೂ ತೊಡಕುಗಳು ಇಲ್ಲದಿಲ್ಲ. ಒಂದು, ಪ್ರತಿ ರವಾನೆಗೂ ಶುಲ್ಕ. ಅರ್ಧ ಲೀಟರು ಹಾಲಿನ ವ್ಯವಹಾರದಲ್ಲಿ ಶುಲ್ಕ ಕೊಟ್ಟರೆ ಲಾಭ ಎಲ್ಲಿ ಉಳಿಯಿತು? 2020ರಲ್ಲಿ ಕೊರೊನಾ ಕಾಲಕ್ಕೆ ಒಂದು ಸಾವಿರ ಶಿಲಿಂಗಿನವರೆಗಿನ ರವಾನೆಗೆ ಶುಲ್ಕ ಬಿಟ್ಟಿದ್ದರು, ಆ ವರ್ಷ ಮುಗಿದಾಗ ಮತ್ತೆ ಹಾಕಿದರು. ಇನ್ನೊಂದು, ಗಿರಾಕಿ ಹಣ ಕಳುಹಿಸಿ, ಹಾಲು ಪಡೆದು, ಆಮೇಲೆ ತಪ್ಪು ಸಂಖ್ಯೆಗೆ ಹೋಯಿತೆಂದು ದೂರು ಕೊಟ್ಟು ವಾಪಸು ಪಡೆಯುವ ಮೋಸ. ಇತ್ತೀಚಿನ ವರ್ಷಗಳಲ್ಲಿ ಪೋಚಿ ಲಾ ಬಿಯಾಶರಾ, ಅಂದರೆ ವ್ಯಾಪಾರದ ಚೀಲ, ಎಂಬ ವ್ಯವಸ್ಥೆ ಬಂದಿದೆ. ಮನೆಯ ದುಡ್ಡು ಬೇರೆ, ವ್ಯಾಪಾರದ ದುಡ್ಡು ಬೇರೆ ಉಳಿಯುತ್ತದೆ. ಗಿರಾಕಿ ತಾನಾಗಿ ಹಣ ಹಿಂತೆಗೆಯಲಾರ.

ಮೂರನೆಯದು ಸಾಲ. 2012ರಿಂದ ಫೋನಿನಲ್ಲೇ ಸಾಲ ಕೊಡುವ ಎಂ-ಶ್ವಾರಿ ಎಂಬ ಸೇವೆ ಆರಂಭವಾಯಿತು. ಮೂವತ್ತು ದಿನದ ಸಾಲಕ್ಕೆ ಶೇಕಡಾ ಏಳೂವರೆ ಶುಲ್ಕ. ಕೇಳಲು ಕಡಿಮೆ. ಆದರೆ ತಿಂಗಳಿಗೆ ನೂರಕ್ಕೆ ಏಳೂವರೆ ಎಂದರೆ ವರ್ಷಕ್ಕೆ ನೂರಕ್ಕೆ ತೊಂಬತ್ತು, ನಮ್ಮ ಹಳೆಯ ಮೀಟರ್ ಬಡ್ಡಿಯವನ ಪಕ್ಕದ ಮನೆ! ಮುಂದೆ ಇನ್ನೂ ಕಠಿಣವಾದ ಖಾಸಗಿ ಸಾಲದ ಆ್ಯಪ್‌ಗಳು ಬಂದವು. ಸಣ್ಣ ಬಾಕಿಗೂ ಹೆಸರು ಕಪ್ಪುಪಟ್ಟಿಗೆ. ಕೊನೆಗೆ 2020ರಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕು ಪರವಾನಗಿ ಇಲ್ಲದ ಸಾಲದವರು ಹೀಗೆ ಪಟ್ಟಿಗೆ ಸೇರಿಸುವುದನ್ನು ತಡೆಯಿತು, 2021ರಲ್ಲಿ ಅವರನ್ನು ಪರವಾನಗಿಗೆ ಒಳಪಡಿಸುವ ಕಾನೂನಾಯಿತು.

ನೈರೋಬಿಯ ಹಾಲಿನ ಎ.ಟಿ.ಎಂ. ಬಗ್ಗೆ ಕೆಲವರು ಓದಿರಬಹುದು. ಪಾಶ್ಚರೀಕರಿಸಿದ ಹಾಲು ತುಂಬಿದ ಯಂತ್ರ, ಗಿರಾಕಿ ತನ್ನ ಚೆಂಬು ತಂದು ಹತ್ತು ಇಪ್ಪತ್ತು ಶಿಲಿಂಗಿಗೂ ಹಾಲು ಕೊಳ್ಳಬಹುದು. ಬಡವರಿಗೆ ಅನುಕೂಲ, ಪ್ಯಾಕೆಟ್ಟಿನ ಖರ್ಚೂ ಇಲ್ಲ. ಆದರೆ ಅದಕ್ಕೆ ವಿದ್ಯುತ್ತು ಬೇಕು, ಬಾಡಿಗೆ ಅಂಗಡಿ ಬೇಕು, ದೊಡ್ಡ ಸಾಲ ಬೇಕು. ಸೈಕಲ್ಲಿನವನು ಅದನ್ನು ಕೊಳ್ಳಲಾರ, ಅದರ ಎದುರು ನಿಂತು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಬೀದಿ ವ್ಯಾಪಾರಿಗೆ ನೆರವಾದ ತಂತ್ರಜ್ಞಾನದ ಪಟ್ಟಿಯಲ್ಲಿ ಇದನ್ನು ಸೇರಿಸುವವರೊಡನೆ ನನ್ನ ತಕರಾರಿದೆ. ಯಂತ್ರ ಯಾರ ಕೈಯಲ್ಲಿದೆ ಎಂದು ಮೊದಲು ಕೇಳಬೇಕು. ಅವನು ಹೊರಬಹುದಾದದ್ದು, ದಿನದ ಲಾಭದಲ್ಲಿ ಕೊಳ್ಳಬಹುದಾದದ್ದು ಅವನ ಕೈಗೆ ಬಂತು, ಉಳಿದದ್ದು ಅವನ ತಲೆಯ ಮೇಲೆ ಬಂತು. ಅದಕ್ಕೂ ಮುಂಚೆ ಅವನಿಗೆ ಬೀದಿಯಲ್ಲಿ ನಿಲ್ಲುವ ಹಕ್ಕು ಬೇಕಿತ್ತು. 2004ರ ಪರವಾನಗಿ ಇಲ್ಲದಿದ್ದರೆ ಲ್ಯಾಕ್ಟೋಮೀಟರನ್ನು ಯಾರ ಮುಂದೆ ಹಿಡಿಯುತ್ತಿದ್ದ? ಈ ಹಕ್ಕು ಗಟ್ಟಿಯಾಗಿದೆ ಎಂದೂ ಹೇಳಲಾಗದು. 2019ರಲ್ಲಿ ಹಸಿ ಹಾಲಿನ ಮಾರಾಟವನ್ನು ಮತ್ತೆ ಬಿಗಿಗೊಳಿಸುವ ಕರಡು ನಿಯಮಗಳು ಬಂದಾಗ ಅಲ್ಲಿಯ ರೈತರಿಂದ ಜೋರು ವಿರೋಧ ಎದ್ದಿತು.

ನಮ್ಮಲ್ಲಿಯೂ ಇದರ ಬಿಸಿ ತಾಗಿದ್ದನ್ನು ನೀವು ಕಂಡಿದ್ದೀರಿ. 2016ರಲ್ಲಿ ಬಂದ ಯು.ಪಿ.ಐ. ವ್ಯವಸ್ಥೆ ಸಣ್ಣ ವ್ಯಾಪಾರಿಗೆ ಶುಲ್ಕವಿಲ್ಲದೆ ದೊರೆತದ್ದರಿಂದ ತಳ್ಳುಗಾಡಿಯ ಮೇಲೂ ಕ್ಯೂ.ಆರ್. ಚೀಟಿ ಅಂಟಿತು. ಆದರೆ 2025ರ ಜುಲೈನಲ್ಲಿ ಆ ಚೀಟಿಯ ಲೆಕ್ಕವನ್ನೇ ಹಿಡಿದು ಬೆಂಗಳೂರು ಮುಂತಾದ ಕಡೆ ಬೇಕರಿ, ಚಹಾದಂಗಡಿ, ತರಕಾರಿಯವರಿಗೆ ಜಿ.ಎಸ್.ಟಿ. ನೋಟೀಸುಗಳು ಬಂದವು. ಹಾಲಿಗೆ, ಹಸಿ ತರಕಾರಿಗೆ ತೆರಿಗೆಯೇ ಇಲ್ಲ, ಆದರೆ ಫೋನಿಗೆ ಬಂದ ದುಡ್ಡಿನಲ್ಲಿ ಯಾವುದು ಹಾಲಿನದು, ಯಾವುದು ಬನ್ನಿನದು ಎಂದು ಚೀಟಿಗೆ ಗೊತ್ತಿಲ್ಲ. ವ್ಯಾಪಾರಿಗಳು ಚೀಟಿ ಕಿತ್ತು ನಗದು ಮಾತ್ರ ಎಂದು ಬರೆದರು. ಒಂದು ದಿನ ಹಾಲು, ಚಹಾ ಮಾರಾಟ ನಿಲ್ಲಿಸಿಯೂ ಪ್ರತಿಭಟಿಸಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಈ ವಿಷಯ ನಿಮ್ಮ ಮನೆಯದೂ ಹೌದು. ಇಲ್ಲಿ ಕೂತಿರುವ ತಾಯಂದಿರಲ್ಲಿ ಪಟ್ಟಣದ ಬೀದಿಯಲ್ಲಿ ಬೆಣ್ಣೆ, ಸೊಪ್ಪು, ಹೂವು ಮಾರುವವರು ಇದ್ದೀರಿ. ನಿಮ್ಮನ್ನೂ ಬೀದಿ ವ್ಯಾಪಾರಿ ಎಂದೇ ಕಾನೂನು ಗುರುತಿಸುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣದ ವ್ಯಾಪಾರ ಸಮಿತಿಯ ಮೂಲಕ ಪ್ರಮಾಣಪತ್ರ ಪಡೆಯಬಹುದು. 2020ರ ಜೂನ್‌ನಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯಲ್ಲಿ ಸುತ್ತಲ ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಮಾರುವವರಿಗೂ ಅವಕಾಶವಿದೆ. ಮೊದಲ ಸಾಲ ಹತ್ತು ಸಾವಿರ ರೂಪಾಯಿ ಇದ್ದದ್ದನ್ನು 2025ರಲ್ಲಿ ಹದಿನೈದು ಸಾವಿರಕ್ಕೆ ಏರಿಸಿ, ಯೋಜನೆಯನ್ನು 2030ರ ಮಾರ್ಚಿವರೆಗೆ ಮುಂದುವರಿಸಿದ್ದಾರೆ. ಸಕಾಲದಲ್ಲಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇಕಡಾ 7ರಷ್ಟು ಸಹಾಯಧನವಿದೆ. ಫೋನಿನಲ್ಲಿ ದುಡ್ಡು ಪಡೆಯುವವರು ಗಿರಾಕಿ ತೋರಿಸುವ ಚಿತ್ರವನ್ನು ನಂಬಬೇಡಿ, ನಿಮ್ಮ ಖಾತೆಗೆ ಬಂದದ್ದನ್ನು ನೋಡಿಕೊಂಡೇ ಸಾಮಾನು ಕೊಡಿ. ವ್ಯಾಪಾರದ ಖಾತೆ ಬೇರೆ ಇರಲಿ. ಮಗ ಊರಿಂದ ಕಳುಹಿಸಿದ ದುಡ್ಡೂ ಬೆಣ್ಣೆಯ ದುಡ್ಡೂ ಒಂದೇ ಖಾತೆಯಲ್ಲಿ ಬೆರೆತರೆ ನಾಳೆ ಯಾರಾದರೂ ಕೇಳಿದಾಗ ಬಿಡಿಸಿ ತೋರಿಸುವುದು ಕಷ್ಟ.

ಹಾಗಾದರೆ ಊರಿಗೆ ಬರುವ ಹಾಲಿನವನಿಗೆ ನಾವೂ ಹಾಲು ಹಾಕಬಹುದೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳುಹಿಸಿದ್ದಾರೆ. ಸಂಘದ ಸದಸ್ಯರು ಹಾಲನ್ನು ಸಂಘಕ್ಕೇ ಹಾಕಬೇಕು, ಬೋನಸ್ಸೂ ಮತದ ಹಕ್ಕೂ ಅದಕ್ಕೇ ಅಂಟಿಕೊಂಡಿವೆ. ಆದರೆ ಚೀಟಿಯ ಹಿಂದೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ಅನ್ನಿಸುತ್ತದೆ. ಅವನು ಬಾಗಿಲಲ್ಲೇ ಪರೀಕ್ಷೆ ಮಾಡಿ ಕೈಗೆ ಕಾಸು ಕೊಟ್ಟರೆ, ನಮ್ಮ ಸಂಘದಲ್ಲಿ ಪರೀಕ್ಷೆಯ ಅಂಕಿ ನನಗೇಕೆ ತೋರಿಸುವುದಿಲ್ಲ ಎಂದು ಅಲ್ಲವೇ? ಆ ಅಂಕಿ ನೋಡುವುದು ನಿಮ್ಮ ಹಕ್ಕು. ಯಂತ್ರದ ಮುಖ ನಿಮ್ಮ ಕಡೆಗೆ ತಿರುಗಿರಬೇಕು, ಚೀಟಿ ಅಂದೇ ಕೈಗೆ ಬರಬೇಕು. ಬರದಿದ್ದರೆ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ಕೇಳಿ.

ಚಹಾ ಆದ ಮೇಲೆ ಹೊರಗಿನ ಮೇಜಿನಲ್ಲಿ ಲ್ಯಾಕ್ಟೋಮೀಟರು, ಮದ್ಯಸಾರ, ಕಪ್ಪು ಬಟ್ಟಲು ಇಟ್ಟಿರುತ್ತಾರೆ. ಬೆಳಿಗ್ಗೆ ಮನೆಯಿಂದ ಸೀಸೆಯಲ್ಲಿ ಹಾಲು ತಂದಿರುವವರು ಸಾಲಾಗಿ ಬನ್ನಿ. ನಿಮ್ಮ ಹಾಲನ್ನು ನೀವೇ ಪರೀಕ್ಷಿಸಿ ನೋಡಬಹುದು.